ಎರಡು ಸಿಲಿಂಡರುಗಳ ನಡುವಿನ ದಾರಿ: ನಾನು ಕಟ್ಟಿದ ಮಿಡ್‌ಲ್ಯಾಂಡ್ ಕಾಂಪೌಂಡ್

ಒಂದು ಸಿಲಿಂಡರಿನಲ್ಲಿ ಕೆಲಸ ಮಾಡಿದ ಹಬೆಯನ್ನೇ ಇನ್ನೊಂದರಲ್ಲಿ ಮತ್ತೆ ದುಡಿಸುವ ಇಂಜಿನಿಗೆ ಕಾಂಪೌಂಡ್ ಅನ್ನುತ್ತಾರೆ. ಕಾಂಪೌಂಡ್ ಸ್ಟೀಮ್ ಇಂಜಿನ್ ಅಂದ ಕೂಡಲೇ ಎಲ್ಲರೂ ಸಿಲಿಂಡರ್ ಎಷ್ಟು ಅಂತ ಕೇಳುತ್ತಾರೆ. ಎರಡಾ, ಮೂರಾ, ನಾಲ್ಕಾ? ಅಂಥ ಒಂದು ಇಂಜಿನನ್ನು ಕೈಯಾರೆ ಕಟ್ಟಿ ಓಡಿಸಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆ ಬೇರೆಯಾಗಿದೆ. ಮೊದಲ ಸಿಲಿಂಡರಿನಿಂದ ಹೊರಬಿದ್ದ ಹಬೆ ಎರಡನೆಯದಕ್ಕೆ ಯಾವ ದಾರಿಯಲ್ಲಿ ಹೋಗುತ್ತದೆ? ಆ ದಾರಿ ಎಷ್ಟು ಅಗಲ, ಎಷ್ಟು ಉದ್ದ, ಎಷ್ಟು ಬಿಸಿ? ಇಂಜಿನ್ ಚೆನ್ನಾಗಿ ಓಡುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ನಾನು ಮೈಸೂರಿನವನು. ಕೆಲಸಕ್ಕೆ ಅಂತ ಇಂಗ್ಲೆಂಡಿನ ಡರ್ಬಿಗೆ ಬಂದು ಇಲ್ಲೇ ನೆಲೆಸಿದ್ದೇನೆ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಲೇತ್, ಒಂದು ಮಿಲ್ಲಿಂಗ್ ಮಷೀನ್ ಇವೆ. ಬಿಡುವಿನಲ್ಲಿ ನಿಜವಾದ ಕಲ್ಲಿದ್ದಲು ಹಾಕಿ, ನಿಜವಾದ ಹಬೆಯಲ್ಲೇ ಓಡುವ ಸಣ್ಣ ಇಂಜಿನುಗಳನ್ನು ಮಾಡುತ್ತೇನೆ. ಇವು 5 ಇಂಚು ಗೇಜಿನವು, ಅಂದರೆ ಎರಡು ಹಳಿಗಳ ನಡುವಿನ ಅಂತರ 5 ಇಂಚು. ಹಿಂದೆ ಟ್ರಾಲಿಯಲ್ಲಿ ಜನ ಕೂತರೂ ಎಳೆಯುತ್ತವೆ. ಇಲ್ಲಿನ ಮಾಡೆಲ್ ಇಂಜಿನಿಯರಿಂಗ್ ಕ್ಲಬ್ಬುಗಳಲ್ಲಿ ಇದು ತುಂಬಾ ಹಳೆಯ ಹವ್ಯಾಸ.

ಡರ್ಬಿಯಲ್ಲಿ ಇದ್ದುಕೊಂಡು ಕಾಂಪೌಂಡ್ ಮಾಡುವುದಾದರೆ ಯಾವುದನ್ನು ಮಾಡಬೇಕು ಅನ್ನುವುದು ದೊಡ್ಡ ಪ್ರಶ್ನೆಯೇ ಅಲ್ಲ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಕಾಲ ಬಾಳಿದ ಕಾಂಪೌಂಡ್ ಎಕ್ಸ್‌ಪ್ರೆಸ್ ಇಂಜಿನ್ ಹುಟ್ಟಿದ್ದು ಇದೇ ಊರಿನ ರೈಲ್ವೆ ವರ್ಕ್ಸ್‌ನಲ್ಲಿ. 1902ರಲ್ಲಿ ಮಿಡ್‌ಲ್ಯಾಂಡ್ ರೈಲ್ವೆಯ ಸ್ಯಾಮ್ಯುಯಲ್ ಜಾನ್ಸನ್ ಇದನ್ನು ತಂದರು. ಹಬೆ ಹಂಚುವ ವ್ಯವಸ್ಥೆ ಡಬ್ಲ್ಯೂ. ಎಂ. ಸ್ಮಿತ್ ಅವರದು. ಅವರು ನಾರ್ತ್ ಈಸ್ಟರ್ನ್ ರೈಲ್ವೆಯವರು. 1905ರಿಂದ ರಿಚರ್ಡ್ ಡೀಲಿ ಇದನ್ನು ಸರಳ ಮಾಡಿ ಮುಂದುವರಿಸಿದರು. ಮಿಡ್‌ಲ್ಯಾಂಡ್ ಕಟ್ಟಿದ್ದು 45. ಆಮೇಲೆ, ಮಿಡ್‌ಲ್ಯಾಂಡ್ ವಿಲೀನವಾದ ಎಲ್‌ಎಂಎಸ್ ಕಂಪನಿ 1924ರಿಂದ 1932ರವರೆಗೆ ಇನ್ನೂ 195 ಕಟ್ಟಿಸಿತು. ಮೊದಲನೆಯ ಇಂಜಿನ್, ನಂಬರ್ 1000, ಇವತ್ತಿಗೂ ಬ್ರಿಟನ್ನಿನ ರಾಷ್ಟ್ರೀಯ ಸಂಗ್ರಹದಲ್ಲಿ ಮಿಡ್‌ಲ್ಯಾಂಡಿನ ಕಡುಗೆಂಪು ಬಣ್ಣದಲ್ಲಿದೆ. ನಾನು ಅದರ ಸುತ್ತ ಓಡಾಡಿ, ಬಗ್ಗಿ ನೋಡಿ, ಫೋಟೋ ತೆಗೆದು, ಹಳೆಯ ಡ್ರಾಯಿಂಗುಗಳ ಪ್ರತಿ ಜೊತೆ ಇಟ್ಟುಕೊಂಡು ಕೆಲಸ ಶುರು ಮಾಡಿದೆ.

ಮೊದಲು ಕಾಂಪೌಂಡ್ ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ. ಬಾಯ್ಲರಿನಲ್ಲಿ ಹಬೆಯ ಒತ್ತಡ ಜಾಸ್ತಿ ಮಾಡಿದಷ್ಟೂ ಅದು ಹಿಗ್ಗುವಾಗ ಕೊಡುವ ಕೆಲಸ ಜಾಸ್ತಿ. ಆದರೆ ಆ ಹಿಗ್ಗುವಿಕೆಯೆಲ್ಲ ಒಂದೇ ಸಿಲಿಂಡರಿನಲ್ಲಿ ಆದರೆ ಅದರ ಗೋಡೆಗೆ ಕಷ್ಟ. 15 ಬಾರ್ ಒತ್ತಡದ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಹಬೆ 200 ಡಿಗ್ರಿಯಲ್ಲಿ ಒಳಗೆ ಬರುತ್ತದೆ, ಸುಮಾರು 105 ಡಿಗ್ರಿಯಲ್ಲಿ ಹೊರಗೆ ಹೋಗುತ್ತದೆ. ಚಕ್ರದ ಪ್ರತಿ ಸುತ್ತಿಗೂ ಗೋಡೆ ಕಾಯಬೇಕು, ತಣಿಯಬೇಕು. ಹೊಸದಾಗಿ ಬಂದ ಬಿಸಿ ಹಬೆಯ ಒಂದಷ್ಟು ಭಾಗ ಆ ತಣ್ಣಗಿನ ಗೋಡೆಗೆ ತಾಗಿ ನೀರಾಗಿಬಿಡುತ್ತದೆ, ಕೆಲಸವನ್ನೇ ಮಾಡುವುದಿಲ್ಲ. ಇದೇ ಕೆಲಸವನ್ನು ಎರಡು ಹಂತ ಮಾಡಿದರೆ ಮೊದಲ ಸಿಲಿಂಡರಿನಲ್ಲಿ 200ರಿಂದ 150, ಎರಡನೆಯದರಲ್ಲಿ 150ರಿಂದ 105. ಎರಡೂ ಕಡೆ ಏರಿಳಿತ ಅರ್ಧವಾಯಿತು. ಮಂಡ್ಯದ ಕಡೆ ಆಲೆಮನೆಯಲ್ಲಿ ಹಿಂಡಿದ ಕಬ್ಬನ್ನೇ ಮತ್ತೊಮ್ಮೆ ಗಾಣಕ್ಕೆ ಕೊಡುತ್ತಾರಲ್ಲ, ಹಾಗೆ.

ನಮ್ಮ ಕಡೆಯವರು ಊಟಿಗೆ ಹೋದಾಗ ಇದನ್ನು ಕಣ್ಣಾರೆ ನೋಡಬಹುದು. ನೀಲಗಿರಿ ರೈಲಿನ ಸ್ವಿಸ್ ಎಕ್ಸ್ ಕ್ಲಾಸ್ ಇಂಜಿನುಗಳು ಕಾಂಪೌಂಡ್. ಸಮತಟ್ಟಿನಲ್ಲಿ ಎರಡೇ ಸಿಲಿಂಡರ್ ಕೆಲಸ ಮಾಡುತ್ತವೆ. ಕಲ್ಲಾರಿನಿಂದ ಹಲ್ಲುಹಳಿ ಶುರುವಾದ ಮೇಲೆ ಅವುಗಳಿಂದ ಹೊರಬಂದ ಹಬೆ ಇನ್ನೆರಡು ಸಿಲಿಂಡರುಗಳಿಗೆ ಹೋಗಿ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಅದು ಬೆಟ್ಟ ಹತ್ತುವ ಇಂಜಿನ್, ಎಕ್ಸ್‌ಪ್ರೆಸ್ ಅಲ್ಲ. ಆದರೂ ತತ್ವ ಒಂದೇ.

ಮಿಡ್‌ಲ್ಯಾಂಡ್ ಇಂಜಿನಿನಲ್ಲಿ ಮೂರು ಸಿಲಿಂಡರ್. ನಡುವೆ ಫ್ರೇಮಿನೊಳಗೆ 19 ಇಂಚು ವ್ಯಾಸದ ಒಂದು ಹೈ ಪ್ರೆಶರ್ ಸಿಲಿಂಡರ್, ಹಬೆ ಮೊದಲು ಹೋಗುವುದು ಇದಕ್ಕೆ. ಹೊರಗೆ ಎರಡು ಬದಿಗೆ 21 ಇಂಚಿನ ಲೋ ಪ್ರೆಶರ್ ಸಿಲಿಂಡರುಗಳು. ಮೂರಕ್ಕೂ ಸ್ಟ್ರೋಕ್, ಅಂದರೆ ಪಿಸ್ಟನ್ ತುದಿಯಿಂದ ತುದಿಗೆ ಓಡುವ ದೂರ, 26 ಇಂಚು. ಚಕ್ರ 7 ಅಡಿ. ಇವುಗಳನ್ನು ಇನ್ನು ಮುಂದೆ ಸುಮ್ನೆ ‘ಹೈ’, ‘ಲೋ’ ಅನ್ನುತ್ತೇನೆ. ಎರಡು ಲೋ ಸೇರಿ ಹೈಗಿಂತ 2.44 ಪಟ್ಟು ದೊಡ್ಡವು. ಈ ಅನುಪಾತವೇ ಕಾಂಪೌಂಡಿನ ಜಾತಕ. ಬವೇರಿಯಾದ ಎಸ್ 3/6 ಇಂಜಿನಿನಲ್ಲಿ ಇದು 2.57. ಫ್ರಾನ್ಸಿನ ನಾರ್ಡ್ ರೈಲ್ವೆಯ ಅಟ್ಲಾಂಟಿಕ್ ಅನ್ನುವ ಚಕ್ರಜೋಡಣೆಯ ಇಂಜಿನಿನಲ್ಲಿ 2.71.

5 ಇಂಚು ಗೇಜಿಗೆ ಎಲ್ಲವನ್ನೂ 11.3ರಿಂದ ಭಾಗಿಸಬೇಕು. ಹಾಗೆ ಮಾಡಿದರೆ ಹೈ ಸುಮಾರು 43 ಮಿ.ಮೀ., ಲೋ 47 ಮಿ.ಮೀ., ಸ್ಟ್ರೋಕ್ 58.5 ಮಿ.ಮೀ., ಚಕ್ರ 189 ಮಿ.ಮೀ. ಆಗುತ್ತದೆ. ಚಕ್ರ, ಸ್ಟ್ರೋಕ್ ಎರಡನ್ನೂ ಹಾಗೇ ಇಟ್ಟುಕೊಂಡೆ. ಸಿಲಿಂಡರಿನ ವ್ಯಾಸವನ್ನು ಇಟ್ಟುಕೊಳ್ಳಲಿಲ್ಲ. ಕಾರಣ ಇಲ್ಲಿದೆ.

ಪಿಸ್ಟನ್ ಮೇಲಿನ ಬಲ ಅದರ ವಿಸ್ತೀರ್ಣವನ್ನು ಅವಲಂಬಿಸಿದೆ. ಇಂಜಿನಿನ ತೂಕ ಗಾತ್ರವನ್ನು ಅವಲಂಬಿಸಿದೆ. 11.3 ಪಟ್ಟು ಚಿಕ್ಕದು ಮಾಡಿದಾಗ ವಿಸ್ತೀರ್ಣ ಸುಮಾರು 128 ಪಟ್ಟು ಇಳಿಯುತ್ತದೆ, ತೂಕ 1,440 ಪಟ್ಟು ಇಳಿಯುತ್ತದೆ. 60 ಟನ್ನಿನ ಇಂಜಿನ್ 40 ಕೆ.ಜಿ.ಯ ಆಸುಪಾಸಿಗೆ ಬರುತ್ತದೆ. ನನ್ನ ಬಾಯ್ಲರಿನಲ್ಲಿ ಒತ್ತಡ 7 ಬಾರ್, ಅಂದರೆ ಅಸಲಿ ಇಂಜಿನಿನ ಅರ್ಧಕ್ಕೂ ಸ್ವಲ್ಪ ಕಡಿಮೆ. ಅಷ್ಟಾದರೂ ತೂಕಕ್ಕೆ ಹೋಲಿಸಿದರೆ ಎಳೆಯುವ ಬಲ ಐದು ಪಟ್ಟು ಹೆಚ್ಚು. ಬಾಯ್ಲರಿನಿಂದ ಹಬೆ ಬಿಡುವ ವಾಲ್ವ್, ಅಂದರೆ ರೆಗ್ಯುಲೇಟರ್, ಪೂರ್ತಿ ತೆಗೆದರೆ ಚಕ್ರ ಗಿರಗಿರನೆ ಜಾರುತ್ತದೆ. ಹಾಗಾಗಿ ಮಾಡೆಲ್ ಓಡಿಸುವವರು ರೆಗ್ಯುಲೇಟರನ್ನು ಚೂರೇ ಚೂರು ತೆಗೆದು, ಹಬೆಯ ಒತ್ತಡವನ್ನು ದಾರಿಯಲ್ಲೇ ಕೊಂದು ಓಡಿಸುತ್ತಾರೆ. ಮಾಮೂಲಿ ಇಂಜಿನಿಗೆ ಅದು ನಡೆಯುತ್ತದೆ. ಕಾಂಪೌಂಡಿಗೆ ನಡೆಯುವುದಿಲ್ಲ. 7 ಬಾರ್ ಹಬೆಯನ್ನು 2 ಬಾರ್ ಒತ್ತಡಕ್ಕೆ ಇಳಿಸಿ ಹೈಗೆ ಕೊಟ್ಟರೆ ಲೋಗೆ ಉಳಿಯುವುದೇನು? ಏನೂ ಇಲ್ಲ. ಆಗ ಲೋ ಪಿಸ್ಟನ್‌ಗಳು ಕೆಲಸ ಮಾಡುವ ಬದಲು ಇಂಜಿನಿಗೇ ಭಾರವಾಗುತ್ತವೆ.

ಆದ್ದರಿಂದ ಲೆಕ್ಕವನ್ನು ಉಲ್ಟಾ ದಿಕ್ಕಿನಿಂದ ಹಾಕಿದೆ. ದೊಡ್ಡ ಚಕ್ರಗಳ ಮೇಲೆ 32 ಕೆ.ಜಿ. ಭಾರ ಬೀಳುವಂತೆ ಒಳಗೆ ಸೀಸ ಇಡಬಹುದು. ಆಗ ಚಕ್ರ ಜಾರದೆ ಎಳೆಯಬಲ್ಲ ಬಲ ಸುಮಾರು 78 ನ್ಯೂಟನ್. ರೆಗ್ಯುಲೇಟರ್ ಪೂರ್ತಿ ತೆಗೆದು, ಹೈಯಲ್ಲಿ ಸ್ಟ್ರೋಕಿನ ಶೇ. 45ರ ಹೊತ್ತಿಗೆ ಹಬೆ ನಿಲ್ಲಿಸಿ, ಒಟ್ಟು ಐದು ಪಟ್ಟು ಹಿಗ್ಗಲು ಬಿಟ್ಟಾಗ ಇಷ್ಟೇ ಬಲ ಬರಬೇಕಾದರೆ ಸಿಲಿಂಡರ್ ಎಷ್ಟಿರಬೇಕು? ಲೋ 36 ಮಿ.ಮೀ., ಹೈ 34 ಮಿ.ಮೀ. ಅಂತ ಬಂತು. ಅನುಪಾತ 2.24. ಅಸಲಿಗಿಂತ ಕಡಿಮೆ ಇದ್ದದ್ದೇ ಸರಿ, ಯಾಕೆಂದರೆ 7 ಬಾರ್ ಹಬೆಗೆ 15 ಬಾರ್ ಹಬೆಯಷ್ಟು ಹಿಗ್ಗುವ ತ್ರಾಣ ಇಲ್ಲ.

ಇದರಿಂದ ಇನ್ನೊಂದು ಲಾಭವೂ ಆಯಿತು. ಹೊರಗಿನಿಂದ ನೋಡಲು ಸಿಲಿಂಡರ್ ಅಸಲಿ ಅಳತೆಯದೇ ಇರಬೇಕು. ಒಳಗೆ ರಂಧ್ರ ಚಿಕ್ಕದು. ನಡುವೆ ಸಿಕ್ಕ ಜಾಗಕ್ಕೆಲ್ಲ ಶಾಖ ತಡೆಯುವ ಸೆರಾಮಿಕ್ ಫೆಲ್ಟ್ ತುಂಬಿ, ಮೇಲೆ ತೆಳು ಉಕ್ಕಿನ ಹೊದಿಕೆ ಹಾಕಿದೆ. ಚಿಕ್ಕ ಇಂಜಿನಿನಲ್ಲಿ ಶಾಖವೇ ದೊಡ್ಡ ಶತ್ರು. ಒಳಗಿರುವ ಹಬೆಗೆ ಹೋಲಿಸಿದರೆ ಅದನ್ನು ತಣಿಸುವ ಗೋಡೆ ಅಸಲಿಗಿಂತ 11 ಪಟ್ಟು ಜಾಸ್ತಿ. ಕಾಂಪೌಂಡಿನ ಮಾಡೆಲ್‌ಗಳು ಬಹಳ ಸಲ ಸೋಲುವುದು ಇಲ್ಲಿಯೇ. ಹೈಯಿಂದ ಹೊರಟ ಹಬೆ ಲೋ ತಲುಪುವಷ್ಟರಲ್ಲಿ ಅರ್ಧ ನೀರಾಗಿರುತ್ತದೆ.

ಹಾಗಾಗಿ ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ರಿಸೀವರಿನ ಬಗ್ಗೆ. ಹೈ ಮತ್ತು ಲೋ ನಡುವಿನ ಕೊಳವೆ, ಲೋ ಸಿಲಿಂಡರಿನ ಹಬೆಪೆಟ್ಟಿಗೆ, ಎಲ್ಲ ಸೇರಿ ರಿಸೀವರ್. ಇದು ಚಿಕ್ಕದಾದರೆ ಹೈ ಹಬೆ ಬಿಟ್ಟಾಗಲೆಲ್ಲ ಒತ್ತಡ ದಿಢೀರ್ ಏರುತ್ತದೆ, ಲೋ ಎಳೆದುಕೊಂಡಾಗ ಇಳಿಯುತ್ತದೆ. ಹೈ ಒಂದು ಸುತ್ತಿಗೆ ಎರಡು ಸಲ ಬಿಡುತ್ತದೆ, ಲೋಗಳು ಸೇರಿ ನಾಲ್ಕು ಸಲ ಎಳೆಯುತ್ತವೆ. ಈ ಕೊಡು-ಕೊಳ್ಳುವಿಕೆ ಸಮ ಆಗಬೇಕಾದರೆ ನಡುವೆ ಜಾಗ ಬೇಕು. ಹಾಗಂತ ತುಂಬಾ ದೊಡ್ಡದು ಮಾಡಿದರೆ ತಣಿಯುವ ಗೋಡೆ ಹೆಚ್ಚುತ್ತದೆ. ಹೈ ಸಿಲಿಂಡರಿನ ಒಂದೂವರೆ ಪಟ್ಟು ಅಂತ ನಿಗದಿ ಮಾಡಿದೆ. ಹೈಯಲ್ಲಿ ಹಿಡಿಯುವುದು 53 ಸಿ.ಸಿ., ರಿಸೀವರ್ 80 ಸಿ.ಸಿ.

ಎರಡು ಬಗೆಯ ಕೊಳವೆ ಮಾಡಿದೆ, ಹೋಲಿಸಿ ನೋಡಲಿಕ್ಕೆಂದೇ. ಒಂದು ಜೊತೆ ನೇರ, ಗಿಡ್ಡ, ಫ್ರೇಮಿನ ನಡುವೆ ಹೋಗುವಂಥದ್ದು, ಮೇಲೆ ಹೊದಿಕೆ ಸುತ್ತಿದ್ದು. ಇನ್ನೊಂದು ಜೊತೆ ಮೇಲಕ್ಕೆ ಹೋಗಿ, ಚಿಮಣಿಯ ಕೆಳಗಿನ ಹೊಗೆಪೆಟ್ಟಿಗೆಯಾದ ಸ್ಮೋಕ್‌ಬಾಕ್ಸಿನೊಳಗೆ ಒಂದು ಸುತ್ತು ಬಳಸಿ ಇಳಿಯುವಂಥದ್ದು. ಅದು ಸ್ಟೇನ್‌ಲೆಸ್ ಸ್ಟೀಲ್, ಒಳವ್ಯಾಸ 10 ಮಿ.ಮೀ. ಸ್ಮೋಕ್‌ಬಾಕ್ಸಿನಲ್ಲಿ ಹೇಗೂ ಬಿಸಿ ಹೊಗೆ ಚಿಮಣಿಗೆ ಹೋಗುತ್ತಿರುತ್ತದೆ. ಆ ಬಿಸಿಯಲ್ಲಿ ಒಂದಿಷ್ಟನ್ನು ಹಬೆಗೆ ವಾಪಸ್ ಕೊಟ್ಟರೆ ನಷ್ಟ ಏನಿದೆ?

ಹೈ, ರಿಸೀವರ್, ಲೋ ಮೂರಕ್ಕೂ ಸಣ್ಣ ಪ್ರೆಶರ್ ಸೆನ್ಸರ್ ಕೂರಿಸಿ, ಚಕ್ರದ ಸ್ಥಾನ ಓದುವ ಒಂದು ಎನ್‌ಕೋಡರ್ ಹಾಕಿ, ಲ್ಯಾಪ್‌ಟಾಪಿನಲ್ಲಿ ಇಂಡಿಕೇಟರ್ ಚಿತ್ರ, ಅಂದರೆ ಪಿಸ್ಟನ್ ಓಡುವಾಗ ಒತ್ತಡ ಏರಿಳಿಯುವ ಗೆರೆ, ಬರುವ ಹಾಗೆ ಮಾಡಿದೆ. ಹಿಂದಿನ ಕಾಲದಲ್ಲಿ ಇದಕ್ಕಾಗಿ ಇಂಜಿನಿನ ಮುಂದೆ ಮರದ ಗೂಡು ಕಟ್ಟಿ, ಓಡುವ ಇಂಜಿನಿನ ಮೇಲೆ ಜನ ಕೂತು ಕಾಗದದ ಮೇಲೆ ಗೆರೆ ತೆಗೆಯುತ್ತಿದ್ದರು. ಗಿಡ್ಡ ಕೊಳವೆಯಲ್ಲಿ ರಿಸೀವರ್ ಒತ್ತಡ ಒಂದು ಬಾರ್ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. ಲೋ ಸಿಲಿಂಡರಿನ ಡ್ರೈನ್ ಕಾಕ್ (ನೀರು ಬಿಡುವ ನಲ್ಲಿ) ತೆಗೆದರೆ ಪಿಚಕಾರಿಯಂತೆ ನೀರು. ಸ್ಮೋಕ್‌ಬಾಕ್ಸಿನ ದಾರಿಗೆ ಬದಲಿಸಿದ ಮೇಲೆ ಒತ್ತಡ ಎರಡು ಬಾರ್ ಹತ್ತಿರ ಬಂದು ನಿಂತಿತು. ಬಿಸಿಯಾದ ಮೇಲೆ ಡ್ರೈನ್ ಕಾಕಿನಲ್ಲಿ ಒಣ ಹಬೆ ಬಿಟ್ಟು ಬೇರೇನೂ ಇಲ್ಲ. ಉದ್ದದ ದಾರಿ ಗಿಡ್ಡ ದಾರಿಯನ್ನು ಗೆದ್ದಿತು. ಇಷ್ಟು ಚಿಕ್ಕ ಇಂಜಿನಿನಲ್ಲಿ ಹಬೆಯ ವೇಗ ಕಡಿಮೆ, ತಿಕ್ಕಾಟದ ನಷ್ಟಕ್ಕಿಂತ ತಣಿಯುವ ನಷ್ಟವೇ ದೊಡ್ಡದು.

ದೊಡ್ಡ ಇಂಜಿನಿನಲ್ಲಿ ಕಥೆ ಬೇರೆ. 7 ಅಡಿ ಚಕ್ರದ ಇಂಜಿನ್ ಗಂಟೆಗೆ 70 ಮೈಲಿ ಓಡುವಾಗ ಪಿಸ್ಟನ್ ಸೆಕೆಂಡಿಗೆ ಸರಾಸರಿ 6 ಮೀಟರಿಗಿಂತ ಹೆಚ್ಚು ಓಡುತ್ತದೆ. ಸಿಲಿಂಡರಿನ ಬಾಗಿಲಾದ ಕಿರಿದಾದ ಪೋರ್ಟಿನಲ್ಲಿ ಹಬೆ ಅದರ ಹತ್ತಾರು ಪಟ್ಟು ವೇಗದಲ್ಲಿ ನುಗ್ಗಬೇಕು. ಅಲ್ಲಿ ದಾರಿ ಇಕ್ಕಟ್ಟಾದರೆ ಒತ್ತಡ ಸುಮ್ನೆ ಕಳೆದುಹೋಗುತ್ತದೆ. ಕಾಂಪೌಂಡಿನಲ್ಲಿ ಹಬೆ ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬರಬೇಕು, ಆದ್ದರಿಂದ ಈ ತೊಂದರೆಯೂ ದುಪ್ಪಟ್ಟು. ನಿಧಾನಕ್ಕೆ ಚೆನ್ನಾಗಿ ಎಳೆಯುವ ಕಾಂಪೌಂಡುಗಳು ವೇಗ ಹೆಚ್ಚಾದಾಗ ಉಸಿರು ಕಟ್ಟಿದಂತಾಗುತ್ತಿದ್ದುದು ಇದೇ ಕಾರಣಕ್ಕೆ.

ಇದನ್ನು ಬಿಡಿಸಿದವರು ಫ್ರಾನ್ಸಿನ ಆಂದ್ರೆ ಶಾಪೆಲಾನ್. ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ. ಪ್ಯಾರಿಸ್–ಆರ್ಲಿಯನ್ ರೈಲ್ವೆಯ ಹಳೆಯ ಪೆಸಿಫಿಕ್ (ಇದೂ ಚಕ್ರಜೋಡಣೆಯ ಹೆಸರು) ಇಂಜಿನ್ ನಂಬರ್ 3566 ಅನ್ನು ಅವರು ಹೊಸದಾಗಿ ಕಟ್ಟಿದರು. ಅದು ಓಡಿದ್ದು 1929ರಲ್ಲಿ. ಚಕ್ರ ಅದೇ, ಫ್ರೇಮ್ ಅದೇ. ಬದಲಿಸಿದ್ದು ಹಬೆಯ ದಾರಿ. ಬಾಯ್ಲರಿನಿಂದ ಚಿಮಣಿಯವರೆಗೆ ಪ್ರತಿಯೊಂದು ಕೊಳವೆ, ಪ್ರತಿಯೊಂದು ತಿರುವು ಅಗಲವಾಯಿತು. ಹಬೆಯನ್ನು 400 ಡಿಗ್ರಿಯವರೆಗೆ ಕಾಯಿಸಿದರು. ಫಿನ್ಲೆಂಡಿನ ಕ್ಯುಲೆಲೆ ಅವರ ಉಪಾಯವನ್ನು ಬೆಳೆಸಿ ಕಿಲ್‌ಚಾಪ್ ಅನ್ನುವ ಹೊಸ ಬ್ಲಾಸ್ಟ್ ಪೈಪ್ (ಹೊರಹೋಗುವ ಹಬೆಯನ್ನು ಚಿಮಣಿಗೆ ಚಿಮ್ಮಿಸುವ ಕೊಳವೆ) ಹಾಕಿದರು. ಮೊದಲು ಸುಮಾರು 2,000 ಹಾರ್ಸ್‌ಪವರ್ ಕೊಡುತ್ತಿದ್ದ ಇಂಜಿನ್ 3,000 ಕೊಟ್ಟಿತು. ಒಂದೂವರೆ ಪಟ್ಟು! ಹೊಸ ಇಂಜಿನ್ ಕಟ್ಟದೆ, ಇದ್ದುದರ ಒಳಗಿನ ದಾರಿಗಳನ್ನು ಸರಿ ಮಾಡಿ ಪಡೆದ ಶಕ್ತಿ ಇದು. ಆಮೇಲೆ 160 ಎ 1 ಅನ್ನುವ ಗೂಡ್ಸ್ ಇಂಜಿನಿನಲ್ಲಿ ಹೈ ಮತ್ತು ಲೋ ನಡುವೆ ಹಬೆಯನ್ನು ಮತ್ತೆ ಕಾಯಿಸುವ ವ್ಯವಸ್ಥೆಯನ್ನೂ ಮಾಡಿದರು. ನನ್ನ ಸ್ಮೋಕ್‌ಬಾಕ್ಸ್ ಕೊಳವೆಗೆ ಧೈರ್ಯ ಬಂದದ್ದು ಅಲ್ಲಿಂದ. ಇನ್ನೂ ಒಂದು ಖುಷಿಯ ಸಂಗತಿ ಇದೆ. 1946ರಲ್ಲಿ ಅವರು ಹೊರತಂದ 242 ಎ 1, ಯುರೋಪಿನ ಅತಿ ಶಕ್ತಿಶಾಲಿ ಸ್ಟೀಮ್ ಇಂಜಿನುಗಳಲ್ಲಿ ಒಂದು, ಮೂರು ಸಿಲಿಂಡರಿನದು. ನಡುವೆ ಒಂದು ಹೈ, ಹೊರಗೆ ಎರಡು ಲೋ. ಮಿಡ್‌ಲ್ಯಾಂಡ್ ಕಾಂಪೌಂಡಿನ ಜೋಡಣೆಯೇ.

ಮತ್ತೆ ನನ್ನ ಶೆಡ್ಡಿಗೆ ಬರುತ್ತೇನೆ. ಫ್ರೇಮ್ 3 ಮಿ.ಮೀ. ಉಕ್ಕಿನ ತಗಡು. ಸಿಲಿಂಡರ್ ಬೀಡುಕಬ್ಬಿಣ, ಯಾಕೆಂದರೆ ಸೂಪರ್‌ಹೀಟ್ ಆದ, ಅಂದರೆ ಮತ್ತಷ್ಟು ಕಾಯಿಸಿದ ಒಣ ಹಬೆಗೆ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಬಾಯ್ಲರ್ ತಾಮ್ರ, ಸಿಲ್ವರ್ ಸೋಲ್ಡರ್ ಹಾಕಿದ್ದು. ಕ್ಲಬ್ಬಿನ ಬಾಯ್ಲರ್ ಇನ್‌ಸ್ಪೆಕ್ಟರ್ ಎದುರಿಗೆ ದುಪ್ಪಟ್ಟು ಒತ್ತಡದ ನೀರಿನ ಪರೀಕ್ಷೆ ಪಾಸಾದ ಮೇಲೆಯೇ ಬೆಂಕಿ ಹಾಕುವುದು. ಇದರಲ್ಲಿ ರಾಜಿ ಇಲ್ಲ.

ಕೈ ನೋಯಿಸಿದ ಕೆಲಸ ಅಂದರೆ ಕ್ರ್ಯಾಂಕ್ ಆಕ್ಸಲ್. ಎರಡು ಲೋ ಕ್ರ್ಯಾಂಕುಗಳು ಪರಸ್ಪರ 90 ಡಿಗ್ರಿ. ಹೈ ಕ್ರ್ಯಾಂಕ್ ಎರಡರಿಂದಲೂ 135 ಡಿಗ್ರಿ. ಮೂರು ಸಿಲಿಂಡರಿಗೆ ವಾಲ್ವುಗಳನ್ನು ಆಡಿಸುವ ಮೂರು ಸೆಟ್ ಸ್ಟೀವನ್‌ಸನ್ ವಾಲ್ವ್ ಗೇರ್, ಎಲ್ಲವೂ ಫ್ರೇಮಿನೊಳಗೆ. ಅಂದರೆ ಆಕ್ಸಲ್ ಮೇಲೆ ನಡುವಿನ ಕ್ರ್ಯಾಂಕಿನ ಜೊತೆ ವಾಲ್ವ್ ಗೇರನ್ನು ಓಡಿಸುವ ಆರು ಎಕ್ಸೆಂಟ್ರಿಕ್ (ನಡುವಿನಿಂದ ಸರಿದ ತೂತಿನ ಬಿಲ್ಲೆ) ತೂರಿಸಬೇಕು. ಎಕ್ಸೆಂಟ್ರಿಕ್‌ಗಳನ್ನು ತೆಳ್ಳಗೆ ಮಾಡಿ, ಕ್ರ್ಯಾಂಕಿನ ಎರಡು ಬದಿಗೆ ಮೂರು ಮೂರು ಹಂಚಿದೆ. ಆಕ್ಸಲನ್ನು ತುಂಡುಗಳಾಗಿ ಮಾಡಿ, ಬಿಗಿಯಾಗಿ ಒತ್ತಿ ಕೂರಿಸಿ, ಪಿನ್ ಹಾಕಿ, ಆಮೇಲೆ ನಡುವಿನ ಹೆಚ್ಚುವರಿ ತುಂಡನ್ನು ಕತ್ತರಿಸಿ ತೆಗೆದೆ. ಹಾಗೆ ಮಾಡಿದರೆ ಆಕ್ಸಲ್ ಸೊಟ್ಟಗಾಗುವುದಿಲ್ಲ.

ಇನ್ನು ಹೊರಡುವುದು. ಕಾಂಪೌಂಡಿನ ಹಳೆಯ ತಲೆನೋವು ಇದು. ಬಾಯ್ಲರಿನ ಹಬೆ ಮೊದಲು ಹೈಗೆ ಮಾತ್ರ ಹೋಗುತ್ತದೆ. ಹೈ ಪಿಸ್ಟನ್ ತುದಿಯಲ್ಲಿ ನಿಂತಿದ್ದರೆ ಇಂಜಿನ್ ಅಲುಗಾಡುವುದಿಲ್ಲ. ಹಾಗಾಗಿ ಹೊರಡುವಾಗ ಲೋಗೂ ಬಾಯ್ಲರ್ ಹಬೆ ಕೊಡಬೇಕು. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯಲ್ಲಿ ಫ್ರಾನ್ಸಿಸ್ ವೆಬ್ ಕಟ್ಟಿದ ಹಲವು ಕಾಂಪೌಂಡುಗಳಲ್ಲಿ ಹೈ ಒಂದು ಜೊತೆ ಚಕ್ರ ತಿರುಗಿಸಿದರೆ, ಲೋ ಇನ್ನೊಂದು ಜೊತೆಯನ್ನು ತಿರುಗಿಸುತ್ತಿತ್ತು. ನಡುವೆ ಜೋಡಿಸುವ ರಾಡ್ ಇರಲಿಲ್ಲ. ರೈಲಿಗೆ ಹಿಮ್ಮುಖವಾಗಿ ಬಂದು ಸೇರಿಕೊಂಡ ಇಂಜಿನ್ ಹೊರಡುವಾಗ ಕೆಲವು ಸಲ ಲೋ ಚಕ್ರ ಇನ್ನೂ ಹಿಂದಕ್ಕೇ ತಿರುಗುತ್ತಿತ್ತು, ಹೈ ಚಕ್ರ ಮುಂದಕ್ಕೆ. ಪ್ಲಾಟ್‌ಫಾರಂ ಮೇಲೆ ನಿಂತವರು ಇದನ್ನು ನೋಡಿ ಬರೆದಿಟ್ಟಿದ್ದಾರೆ. ವೆಬ್ ಪ್ರತಿಭಾವಂತರೇ. ಆದರೆ ಚಕ್ರಗಳನ್ನು ಜೋಡಿಸದೆ ಬಿಟ್ಟದ್ದು ಎಕ್ಸ್‌ಪ್ರೆಸ್ ಕೆಲಸಕ್ಕೆ ಒಪ್ಪುವಂಥದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ.

ಡೀಲಿ ಇದನ್ನು ರೆಗ್ಯುಲೇಟರಿನಲ್ಲೇ ಬಗೆಹರಿಸಿದರು. ಹಿಡಿಯನ್ನು ಸ್ವಲ್ಪ ತೆಗೆದಾಗ ಹೈಗೆ ಹೋಗುವ ದಾರಿಯ ಜೊತೆ ಲೋಗೆ ಹೋಗುವ ಒಂದು ಸಣ್ಣ ತೂತೂ ತೆರೆಯುತ್ತದೆ. ಇನ್ನೂ ತೆಗೆದರೆ ಆ ತೂತು ಮುಚ್ಚಿಕೊಳ್ಳುತ್ತದೆ. ಇಂಜಿನ್ ತಾನಾಗಿ ಕಾಂಪೌಂಡಿಗೆ ಬದಲಾಗುತ್ತದೆ. ಡ್ರೈವರ್ ಬೇರೆ ಏನೂ ಮಾಡಬೇಕಿಲ್ಲ. ಎಷ್ಟು ಚೆಂದದ ಉಪಾಯ! ನನ್ನದರಲ್ಲೂ ಅದನ್ನೇ ಮಾಡಿದೆ, ಕಂಚಿನ ಜಾರು ತಟ್ಟೆಯಲ್ಲಿ. ಲೋ ಕಡೆಯ ತೂತು 2 ಮಿ.ಮೀ. ಸಾಕಾಯಿತು. ರಿಸೀವರಿನ ಮೇಲೆ 3.5 ಬಾರ್ ಒತ್ತಡಕ್ಕೆ ತೆರೆದುಕೊಳ್ಳುವ ಒಂದು ಸಣ್ಣ ಸೇಫ್ಟಿ ವಾಲ್ವ್ ಇಟ್ಟೆ. ಲೋ ಕಡೆ ಅದಕ್ಕಿಂತ ಜಾಸ್ತಿ ಒತ್ತಡ ಬಂದರೆ ಚಕ್ರ ಜಾರುವುದು ಗ್ಯಾರಂಟಿ.

ಈ ಉಪಾಯಕ್ಕೆ ಒಂದು ಷರತ್ತು ಇದೆ. ರೆಗ್ಯುಲೇಟರನ್ನು ಧೈರ್ಯವಾಗಿ ಪೂರ್ತಿ ತೆಗೆಯಬೇಕು. ಅರ್ಧಕ್ಕೇ ಬಿಟ್ಟು ಓಡಿಸಿದರೆ ಬಾಯ್ಲರ್ ಹಬೆ ನೇರ ಲೋಗೆ ಸೋರುತ್ತಲೇ ಇರುತ್ತದೆ. ಇಂಜಿನ್ ಓಡುತ್ತದೆ, ಆದರೆ ಕಲ್ಲಿದ್ದಲು, ನೀರು ಎರಡನ್ನೂ ನುಂಗುತ್ತದೆ. ಎಲ್‌ಎಂಎಸ್ ಕಾಲದಲ್ಲಿ ಕಾಂಪೌಂಡ್ ಹೊಸದಾಗಿ ಸಿಕ್ಕ ಡಿಪೋಗಳಲ್ಲಿ, ಬೇರೆ ಕಂಪನಿಯ ಇಂಜಿನಿಗೆ ಒಗ್ಗಿಹೋಗಿದ್ದ ಡ್ರೈವರುಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಹಾಗೆ ಓಡಿಸಿದವರ ಕೈಯಲ್ಲಿ ಇಂಜಿನ್ ಮಂಕು. ಪೂರ್ತಿ ತೆಗೆದು, ಸಿಲಿಂಡರಿಗೆ ಹಬೆ ಎಲ್ಲಿಯವರೆಗೆ ಬಿಡಬೇಕು ಅಂತ ಹೊಂದಿಸುವ ರಿವರ್ಸರಿನಿಂದ ಹತೋಟಿ ಮಾಡಿದವರ ಕೈಯಲ್ಲಿ ಅದೇ ಇಂಜಿನ್ ಚುರುಕು. ಲೀಡ್ಸ್–ಕಾರ್ಲೈಲ್ ದಾರಿಯಲ್ಲಿ, 356 ಮೀಟರ್ ಎತ್ತರದ ಏಸ್ ಗಿಲ್ ಏರುವ ಕಡೆ, 1920ರ ದಶಕದಲ್ಲಿ ಬೇರೆ ಬೇರೆ ಇಂಜಿನುಗಳ ಪರೀಕ್ಷೆ ನಡೆದಾಗ ಮಿಡ್‌ಲ್ಯಾಂಡ್ ಕಾಂಪೌಂಡುಗಳು ಮೇಲುಗೈ ಸಾಧಿಸಿದವು. ಅಲ್ಲಿ ಓಡಿಸಿದವರು ಇಂಜಿನಿನ ಸ್ವಭಾವ ಗೊತ್ತಿದ್ದವರು.

ಫ್ರಾನ್ಸಿನವರು ಇದನ್ನು ಇನ್ನೂ ಮುಂದಕ್ಕೆ ತೆಗೆದುಕೊಂಡು ಹೋದರು. ಆಲ್ಫ್ರೆಡ್ ಡಿ ಗ್ಲೆನ್ ಮತ್ತು ನಾರ್ಡ್ ರೈಲ್ವೆಯ ಗಾಸ್ತೋನ್ ಡು ಬುಸ್ಕೆ ಅವರ ನಾಲ್ಕು ಸಿಲಿಂಡರ್ ಇಂಜಿನುಗಳಲ್ಲಿ ಹೈಗೊಂದು, ಲೋಗೊಂದು ಕಟ್‌ಆಫ್, ಅಂದರೆ ಸ್ಟ್ರೋಕಿನಲ್ಲಿ ಹಬೆ ನಿಲ್ಲಿಸುವ ಹಂತ. ಎರಡನ್ನೂ ಬೇರೆ ಬೇರೆ ಹೊಂದಿಸಬಹುದು. ಇದರಲ್ಲಿ ಮೊದಲಿಗೆ ಅರ್ಥವಾಗದ ಒಂದು ಸೂಕ್ಷ್ಮ ಇದೆ. ಲೋ ಕಟ್‌ಆಫ್ ಉದ್ದ ಮಾಡಿದರೆ ಲೋ ಜಾಸ್ತಿ ಕೆಲಸ ಮಾಡುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಆಗುವುದು ಅದಲ್ಲ. ಲೋ ಜಾಸ್ತಿ ಹಬೆ ಎಳೆದುಕೊಂಡಾಗ ರಿಸೀವರ್ ಒತ್ತಡ ಬೀಳುತ್ತದೆ. ಹೈಯ ಬೆನ್ನಿಗಿದ್ದ ಎದುರೊತ್ತಡ ಕಡಿಮೆಯಾಗುತ್ತದೆ. ಕೆಲಸದ ಪಾಲು ಹೈಗೆ ಹೋಗುತ್ತದೆ. ಲೋ ಕಟ್‌ಆಫ್ ಗಿಡ್ಡ ಮಾಡಿದರೆ ರಿಸೀವರ್ ತುಂಬಿಕೊಂಡು, ಪಾಲು ಲೋ ಕಡೆ ಬರುತ್ತದೆ. ಅಂದರೆ ಲೋ ರಿವರ್ಸರ್ ನಿಜಕ್ಕೂ ರಿಸೀವರಿನ ಒತ್ತಡ ಹೊಂದಿಸುವ ಸಾಧನ. ಇದನ್ನು ಹದವಾಗಿ ಬಳಸಲು ಡ್ರೈವರಿಗೆ ಒಳ್ಳೆಯ ತರಬೇತಿ ಬೇಕು. ಫ್ರಾನ್ಸಿನಲ್ಲಿ ಒಬ್ಬ ಡ್ರೈವರ್, ಒಬ್ಬ ಫೈರ್‌ಮನ್‌ಗೆ ಅವರದೇ ಒಂದು ಇಂಜಿನ್ ಇರುತ್ತಿತ್ತು. ಉಳಿಸಿದ ಕಲ್ಲಿದ್ದಲಿಗೆ ಬೋನಸ್. ಕಾಂಪೌಂಡ್ ಅಲ್ಲಿ ಅಷ್ಟು ಚೆನ್ನಾಗಿ ಬೇರು ಬಿಟ್ಟದ್ದಕ್ಕೆ ಈ ಪದ್ಧತಿಯೂ ದೊಡ್ಡ ಕಾರಣ ಅಂತ ನಾನು ನಂಬುತ್ತೇನೆ. ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆ 1903ರಲ್ಲಿ ‘ಲಾ ಫ್ರಾನ್ಸ್’ ಅನ್ನುವ ಡಿ ಗ್ಲೆನ್ ಇಂಜಿನನ್ನೇ ತರಿಸಿ ಪರೀಕ್ಷೆ ಮಾಡಿತು, ಆಮೇಲೆ ಇನ್ನೆರಡು ತರಿಸಿತು. ಕೊನೆಗೆ ಆ ರೈಲ್ವೆಯ ಮುಖ್ಯ ಇಂಜಿನಿಯರ್ ಚರ್ಚ್‌ವರ್ಡ್ ಅವರು ಒತ್ತಡ ಜಾಸ್ತಿ ಇರುವ, ವಾಲ್ವ್ ಅಗಲವಾಗಿ ತೆರೆಯುವ ಮಾಮೂಲಿ ಇಂಜಿನನ್ನೇ ಆರಿಸಿದರು. ಅವರ ವಾಲ್ವುಗಳಿಗೆ ಅದು ಸರಿಯಾದ ತೀರ್ಮಾನವೇ.

ನನ್ನ ಇಂಜಿನಿಗೆ ಮಿಡ್‌ಲ್ಯಾಂಡಿನ ಹಾಗೆ ಒಂದೇ ರಿವರ್ಸರ್. ಆದರೆ ಲೋ ಕಟ್‌ಆಫ್ ಹೈಗಿಂತ ಸ್ವಲ್ಪ ಉದ್ದ ಬರುವಂತೆ ವಾಲ್ವ್ ಗೇರಿನ ತೋಳುಗಳನ್ನು ಹೊಂದಿಸಿದೆ. ಕ್ಯಾಬಿನಲ್ಲಿ ಬಾಯ್ಲರ್ ಗೇಜಿನ ಪಕ್ಕದಲ್ಲೇ ರಿಸೀವರ್ ಗೇಜ್. ಓಡಿಸುವಾಗ ಕಣ್ಣು ಹೋಗುವುದು ಎರಡನೆಯದರ ಮೇಲೆ. ಹೊರಡುವಾಗ ಹಿಡಿ ಸ್ವಲ್ಪ ತೆಗೆಯುತ್ತೇನೆ, ರಿಸೀವರ್ ಮೂರು ಬಾರ್ ತೋರಿಸುತ್ತದೆ. ಗಾಲಿ ಉರುಳಿದ ಕೂಡಲೇ ರಿವರ್ಸರ್ ಹಿಂದಕ್ಕೆ ತಂದು, ಹಿಡಿ ಪೂರ್ತಿ ತೆಗೆಯುತ್ತೇನೆ. ಮುಳ್ಳು ಕೆಳಗೆ ಬಂದು ಎರಡರ ಹತ್ತಿರ ನಿಲ್ಲುತ್ತದೆ. ನಿಲ್ಲದೆ ಇನ್ನೂ ಬೀಳುತ್ತಿದ್ದರೆ ಬೆಂಕಿ ಸಾಲದು, ಅಥವಾ ಎಲ್ಲೋ ನೀರು ಕೂತಿದೆ ಅಂತ ಅರ್ಥ.

ಬೆಂಕಿಯ ವಿಷಯಕ್ಕೆ ಬಂದರೆ ಬ್ಲಾಸ್ಟ್ ಪೈಪ್ ಬಹಳ ಸತಾಯಿಸಿತು. ಇಂಜಿನಿನಿಂದ ಹೊರಹೋಗುವ ಹಬೆಯೇ ಚಿಮಣಿಯಲ್ಲಿ ಚಿಮ್ಮಿ ಬೆಂಕಿಗೆ ಗಾಳಿ ಎಳೆಯಬೇಕು. ಕಾಂಪೌಂಡಿನ ಹಬೆ ತನ್ನ ಶಕ್ತಿಯನ್ನು ಒಳಗೇ ಖರ್ಚು ಮಾಡಿ ಬಂದಿರುತ್ತದೆ, ಪ್ರಮಾಣವೂ ಕಡಿಮೆ. ನಳಿಕೆ ಕಿರಿದು ಮಾಡಿದರೆ ಗಾಳಿ ಎಳೆಯುತ್ತದೆ, ಆದರೆ ಲೋಗೆ ಎದುರೊತ್ತಡ ಬಂದು ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಬಿಚ್ಚಿ ಹಾಕಬಹುದಾದ ಬೇರೆ ಬೇರೆ ಅಳತೆಯ ನಳಿಕೆಗಳನ್ನು ಮಾಡಿಕೊಂಡು, ಸ್ಮೋಕ್‌ಬಾಕ್ಸಿಗೆ ನೀರಿನ ಯು-ಟ್ಯೂಬ್ ಹಾಕಿ ಎಳೆತ ಅಳೆದೆ. ನಳಿಕೆಗಿಂತ ಹೆಚ್ಚು ಫಲ ಕೊಟ್ಟದ್ದು ಅದರ ಎತ್ತರ ಮತ್ತು ಚಿಮಣಿಯ ಒಳಗಿನ ಆಕಾರ. ಮಾಡೆಲ್ ಮಾಡುವವರಲ್ಲಿ ಒಂದು ಹಳೆಯ ಸೂತ್ರ ಇದೆ. ನಳಿಕೆಯಿಂದ 6ಕ್ಕೆ 1ರಂತೆ ಅಗಲವಾಗುವ ಶಂಕು ಚಿಮಣಿಯ ಇಕ್ಕಟ್ಟಾದ ಜಾಗವನ್ನು ತಾಗಬೇಕು, 3ಕ್ಕೆ 1ರ ಶಂಕು ಕೆಳಗಿನ ಗಂಟೆಬಾಯಿಯನ್ನು ತಾಗಬೇಕು. ಅದನ್ನು ಹಾಗೇ ಪಾಲಿಸಿದೆ. ಬೆಂಕಿ ಬೆಳ್ಳಗಾಯಿತು. ಕಿಲ್‌ಚಾಪ್ ಇಲ್ಲದೆ ಶಾಪೆಲಾನ್ ಅವರ ಇಂಜಿನುಗಳಿಗೆ ಆ ಶಕ್ತಿ ಯಾಕೆ ಬರುತ್ತಿರಲಿಲ್ಲ ಅಂತ ಆಗ ಕೈಗೆ ತಿಳಿಯಿತು.

ಅಪ್ಪ ಮೈಸೂರಿನಿಂದ ಬಂದಿದ್ದಾಗ ಕ್ಲಬ್ಬಿನ ಹಳಿಗೆ ಕರೆದುಕೊಂಡು ಹೋಗಿದ್ದೆ. ಅವರು ಮೈಸೂರು–ಅರಸೀಕೆರೆ ಮೀಟರ್ ಗೇಜಿನಲ್ಲಿ ಓಡಾಡಿದವರು, ಸ್ಟೀಮ್ ಇಂಜಿನ್ ಹೇಗೆ ಸದ್ದು ಮಾಡಬೇಕು ಅಂತ ಅವರಿಗೆ ಗೊತ್ತು. ಒಂದು ಸುತ್ತು ಕೂತು ಬಂದು, “ಎಲ್ಲಾ ಸರಿ ಕಣೋ, ಆದರೆ ಇದು ಯಾಕೆ ಇಷ್ಟು ಮೆತ್ತಗೆ ಉಸಿರಾಡುತ್ತೆ? ಮೂರು ಸಿಲಿಂಡರ್ ಅಂತೀಯ, ಸದ್ದು ನಾಲ್ಕೇ ಕೇಳುತ್ತೆ” ಅಂದರು. ಸರಿಯಾಗಿ ಹಿಡಿದಿದ್ದರು. ಹೈಯ ಹಬೆ ಚಿಮಣಿಗೆ ಬರುವುದೇ ಇಲ್ಲ. ಲೋ ಎರಡರದ್ದು ಮಾತ್ರ ಬರುತ್ತದೆ, ಅದೂ ದಣಿದ ಹಬೆ.

ಎಣ್ಣೆಯ ಬಗ್ಗೆ ಒಂದು ಮಾತು. ಹೈಗೆ ಹಾಕಿದ ಸ್ಟೀಮ್ ಆಯಿಲ್ ಹಬೆಯ ಜೊತೆ ಲೋಗೂ ಹೋಗುತ್ತದೆ ಅಂತ ನಂಬಿ ಬಿಡಬೇಡಿ. ಒಂದಷ್ಟು ಹೋಗುತ್ತದೆ, ಸಾಲುವುದಿಲ್ಲ. ಸ್ಮೋಕ್‌ಬಾಕ್ಸಿನಲ್ಲಿ ಮತ್ತೆ ಕಾಯಿಸಿದರೆ ಇನ್ನೂ ಸಾಲುವುದಿಲ್ಲ. ನನ್ನ ಮೆಕ್ಯಾನಿಕಲ್ ಲೂಬ್ರಿಕೇಟರಿನಲ್ಲಿ ಹೈಗೊಂದು, ಲೋಗಳಿಗೆ ಒಂದೊಂದು ಅಂತ ಮೂರು ಪಂಪ್ ಇವೆ. ನಿಲ್ಲಿಸಿದ ಮೇಲೆ ರಿಸೀವರಿನ ಕೆಳಗಿನ ಡ್ರೈನ್ ತೆಗೆದು ಪೂರ್ತಿ ಒಣಗಿಸುತ್ತೇನೆ. ಇಲ್ಲಿನ ಚಳಿಗಾಲದಲ್ಲಿ ಅಲ್ಲಿ ನೀರು ಉಳಿದರೆ ಬೀಡುಕಬ್ಬಿಣ ತುಕ್ಕು ಹಿಡಿಯುತ್ತದೆ.

ಲಾಭ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಹಿಂದೆ ಬಲ ಅಳೆಯುವ ಟ್ರಾಲಿ ಕಟ್ಟಿ, ಅದೇ ಜನ, ಅದೇ ಹಳಿ, ಅದೇ ವೇಗದಲ್ಲಿ ಎರಡೂ ಬಗೆಯಲ್ಲಿ ಓಡಿಸಿ ನೋಡಿದ್ದೇನೆ. ಹಿಡಿ ಅರ್ಧ ತೆಗೆದು ಲೋಗೆ ನೇರ ಹಬೆ ಕೊಟ್ಟಾಗ ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ಪದೇ ಪದೇ ಹಾಕಬೇಕು. ಕಾಂಪೌಂಡಿನಲ್ಲಿ ಅದೇ ಕೆಲಸಕ್ಕೆ ನೀರು ಕಣ್ಣಿಗೆ ಕಾಣುವಷ್ಟು ಕಡಿಮೆ ಸಾಕು. ಆದರೆ ಸಣ್ಣ ಸಣ್ಣ ಓಟ, ನಿಲ್ಲುವುದು, ಮತ್ತೆ ಹೊರಡುವುದು, ಇಂಥ ಕೆಲಸದಲ್ಲಿ ಉಳಿತಾಯ ಏನೂ ಇಲ್ಲ. ಬಿಸಿಯಾಗುವಷ್ಟರಲ್ಲಿ ಓಟ ಮುಗಿದಿರುತ್ತದೆ. ಕಾಂಪೌಂಡ್ ಉದ್ದ ಓಟದ ಇಂಜಿನ್. ಎಕ್ಸ್‌ಪ್ರೆಸ್ಸಿಗೆ ಒಪ್ಪಿದ್ದು, ಪ್ಯಾಸೆಂಜರ್ ಗಾಡಿಗೆ ಅಷ್ಟು ಒಪ್ಪದ್ದು ಅದಕ್ಕೇ.

ಈಗ ಬೋರ್ಡಿನ ಮೇಲೆ ಇರುವುದು ನಾರ್ಡ್ ಅಟ್ಲಾಂಟಿಕ್. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜಗತ್ತು ನೋಡಿದ ಇಂಜಿನ್ ಅದು, ಆ ಮಾದರಿಯ ಒಂದು, 2.670, ಮುಲೂಸ್ ಮ್ಯೂಸಿಯಮ್ಮಿನಲ್ಲಿದೆ. 340 ಮಿ.ಮೀ. ಹೈ, 560 ಮಿ.ಮೀ. ಲೋ, ಎರಡೆರಡು. ಹೈ ಹೊರಗೆ ಹಿಂದಿನ ಚಕ್ರಕ್ಕೆ, ಲೋ ಒಳಗೆ ಮುಂದಿನ ಚಕ್ರಕ್ಕೆ. ರಿವರ್ಸರ್ ಎರಡು. ಈ ಸಲ ಕಾಗದದ ಮೇಲೆ ಮೊದಲು ಎಳೆದದ್ದು ರಿಸೀವರ್ ಕೊಳವೆ, ಹೈಯಿಂದ ಸ್ಮೋಕ್‌ಬಾಕ್ಸ್ ಬಳಸಿ ಲೋವರೆಗೆ. ಸಿಲಿಂಡರುಗಳ ಜಾಗವನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಿದ್ದೇನೆ. ಲೋ ರಿವರ್ಸರಿನ ಸ್ಕ್ರೂ ಕ್ಯಾಬಿನಲ್ಲಿ ಎಲ್ಲಿ ಕೂರಬೇಕು ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ.